ಅಂಕೋಲೆಯ ಉಪ್ಪು

ಹರಳುಪ್ಪಿನ ಡಬ್ಬಿ ತೆರೆದಾಗ ಬರುವ ಒದ್ದೆ ವಾಸನೆಗೆ ಇವತ್ತಿಗೂ ನನಗೆ ದಾಂಡೇಲಿಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಕಾಗದದ ಗಿರಣಿಗೆ ಹೋಗಿದ್ದ. ಸಾಂಬ್ರಾಣಿ ಎಂಬ ಹಳ್ಳಿಯಿಂದ ಬಂದಿದ್ದ ಅಜ್ಜ ಹೊರಸಿನ ಮೇಲೆ ಕೂತಿದ್ದ, ಅಜ್ಜಿ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಪಕ್ಕದ ಮನೆಗೆ ಹೊಸದಾಗಿ ಬಂದಿದ್ದ ಅಂಕೋಲೆಯ ಅಕ್ಕ, ತವರಿನಿಂದ ತಂದ ಉಪ್ಪನ್ನು ಒಂದು ಬಟ್ಟಲು ಕೊಡಲು ಬಂದಳು. ಬೂದುಬಣ್ಣದ ಹರಳುಗಳು ಬೆರಳಿಗೆ ಅಂಟುತ್ತಿದ್ದವು.

"ಲಾರಿ ಇಲ್ಲದಾಗ ನಮ್ಮಜ್ಜ ನಿಮ್ಮೂರಿಗೆ ಅಕ್ಕಿ ಗಾಡಿ ಹೊಡೀತಿದ್ದ. ಸಮುದ್ರ ನೋಡ್ಯಾನ," ಎಂದೆ ನಾನು ಜಂಬದಿಂದ. ಶಾಲೆಯಲ್ಲೂ ಹಾಗೇ ಹೇಳಿಕೊಂಡಿದ್ದೆ.

"ಹೌದಾ ಅಜ್ಜಾ? ನಮ್ಮ ಸಮುದ್ರ ಹ್ಯಾಂಗೆ ಕಂಡ್ತು?" ಎಂದು ಅಕ್ಕ ಕೇಳಿದಳು.

"ಇಲ್ಲವ್ವಾ, ನಾ ನೋಡಿಲ್ಲ," ಎಂದ ಅಜ್ಜ.

ಅಜ್ಜಿಯ ಕೈ ಅಕ್ಕಿಯಲ್ಲೇ ನಿಂತಿತು. "ಅಷ್ಟ್ ವರ್ಷ ಹೋಗಿ ಬಂದ್ರೂ ನೋಡಲಿಲ್ಲೇನ್ರಿ?"

"ಪ್ಯಾಟ್ಯಾಗ ಅಕ್ಕಿ ಇಳಿಸಿ, ಉಪ್ಪು ಹೇರಿಕೊಂಡು ಹೊಳ್ಳಿ ಘಟ್ಟ ಹತ್ತಬೇಕು. ನಡುವ ಮಳಿ ಬಂದ್ರ ಉಪ್ಪು ಕರಗತಿತ್ತು." ಅಜ್ಜ ಒಂದು ಹರಳನ್ನು ನಾಲಿಗೆಯ ಮೇಲಿಟ್ಟುಕೊಂಡ. ಆಮೇಲೆ ಹೇಳಿದ: "ಸಮುದ್ರದ ಸಪ್ಪಳ ಕೇಳ್ತಿತ್ತು. ಎತ್ತು ಆ ಕಡೆ ಕಿವಿ ನಿಮಿರಸ್ತಿದ್ದವು. ನಾನ ಹಗ್ಗಾ ಜಗ್ಗಿ ಊರ ಕಡೆ ತಿರಗಸ್ತಿದ್ದೆ."