ಮುರಿಯದ ಬೋಲ್ಟು

ಹಾರಬೇಕಿದ್ದ ಅಡ್ಡಮರಕ್ಕೆ ಕುದುರೆಯ ಮುಂಗಾಲು ಬಡಿಯಿತು. ಮರ ಕದಲಲಿಲ್ಲ, ಕುದುರೆಯೇ ಪಲ್ಟಿ ಹೊಡೆದು ಸವಾರಿ ಮಾಡುತ್ತಿದ್ದ ಸಿಂಚನಾಳ ಮೇಲೆ ಬಿತ್ತು. ಅದು ಹೇಗೋ ಎದ್ದಿತು. ಸಿಂಚನಾ ಕೊಂಡಜ್ಜಿ ಊರಿನ ಮೈದಾನದ ಕೆಮ್ಮಣ್ಣಿನಲ್ಲಿ ಮಿಸುಕದೆ ಬಿದ್ದಿದ್ದಳು.

“ಇದೇನಾ ನೀ ಕಲಿಸಿದ್ದು?” ಅವಳಪ್ಪ ಕೊಟ್ರಬಸಪ್ಪ, ತರಬೇತಿ ಕೊಡುವ ನೂರೀನ್ ಮೇಲೆ ಹರಿಹಾಯ್ದ.

ಹುಡುಗಿಯ ಉಸಿರು ನೋಡುತ್ತಿದ್ದ ನೂರೀನ್ ಕಣ್ಣು ಅಡ್ಡಮರದ ತುದಿಗೆ ಹೋಯಿತು. ಏಟು ಬಿದ್ದೊಡನೆ ಮುರಿದು ಮರವನ್ನು ಕೆಡವಬೇಕಾದ ತೆಳು ಪಿನ್ನು ಅಲ್ಲಿರಲಿಲ್ಲ. ಹೆಬ್ಬೆರಳು ದಪ್ಪದ ಬೋಲ್ಟಿತ್ತು.

“ಇದನ್ನ ಯಾರು ಹಾಕಿದ್ದು?”

“ನಾನೇ! ಗುತ್ತೂರಾಗ ಹೇಳಿ ಮಾಡಿಸ್ದೆ. ನಿನ್ನ ದರಿದ್ರ ಪಿನ್ನು ಮೂರು ಸಲ ಮುರೀತಲ್ಲ! ಇದು ಆನೆ ಗುದ್ದಿದ್ರೂ ಮುರಿಯಲ್ಲ.”

ನೂರೀನ್ ದನಿ ಏರಿಸಲಿಲ್ಲ.

“ಆ ಮೂರು ಸಲಾನೂ ನಿಮ್ಮ ಮಗಳು ಎದ್ದು ನಿಂತಿದ್ಳು, ಸಾವ್ಕಾರ್ರೆ.”