ಪಾಲಜ್ಜಿಯ ಅಣ್ಣೆ ಸೊಪ್ಪು

ಬೊಮ್ಮಣ್ಣ ಓಡಿಬಂದವನೇ, ಪಾಲಜ್ಜಿಯ ಒಲೆಯ ಮೇಲೆ ಕುದಿಯುತ್ತಿದ್ದ ಸೊಪ್ಪಿನ ಸಾರಿನ ಪಾತ್ರೆಯನ್ನು ಟವೆಲ್ಲಿನಲ್ಲಿ ಹಿಡಿದೆತ್ತಿ, ಸಾರನ್ನೆಲ್ಲ ಹಿತ್ತಿಲ ತಿಪ್ಪೆಗೆ ಸುರಿದುಬಿಟ್ಟ. ಹೆಕ್ಕಲು ಬಂದ ಕೋಳಿಗಳನ್ನೂ ಓಡಿಸಿದ.

"ತಿಂದ್ಯಾ ಅಜ್ಜಿ? ರುಚಿ ಏನಾದ್ರೂ ನೋಡಿದ್ಯಾ?"

ಪಾಲಜ್ಜಿ ಸೌಟು ಹಿಡಿದುಕೊಂಡೇ, ಇಷ್ಟು ವರ್ಷ ಬಾಳಿದ್ದಕ್ಕೆ ಇವನಿಗೆ ಹುಚ್ಚು ಹಿಡಿಯುವುದನ್ನೂ ನೋಡಬೇಕಾಯಿತಲ್ಲ ಎಂದಳು.

ಬೊಮ್ಮಣ್ಣ ಏದುಸಿರು ಬಿಡುತ್ತ ವಿಷಯ ಹೇಳಿದ. ಈ ಸಲ ನಾಟಿಯ ರಗಳೆ ಬೇಡವೆಂದು ಅವನು ಭತ್ತವನ್ನು ಕೂರಿಗೆಯಲ್ಲೇ ಬಿತ್ತಿದ್ದ. ಭತ್ತಕ್ಕಿಂತ ಮೊದಲು ಕಳೆಯೇ ಎದ್ದು ನಿಂತಿತು. ಬಿತ್ತಿದ ಎರಡು ಮೂರು ದಿನದಲ್ಲೇ ಹೊಡೆಯುವ ಕಳೆ ಔಷಧಿಯ ಕಾಲ ಮೀರಿತೆಂದು ಚಳ್ಳಕೆರೆಯ ಅಂಗಡಿಯವನು, ಕಳೆ ಮೂರ್ನಾಲ್ಕು ಎಲೆ ಬಿಟ್ಟಾಗ ಹೊಡೆಯುವ ಇನ್ನೊಂದನ್ನು ಕೊಟ್ಟ. ಭತ್ತ ಉಳಿಯುತ್ತದೆ; ಹುಲ್ಲೂ ಹೋಗುತ್ತದೆ, ಭತ್ತದ ನಡುವೆ ಕಳೆಯಾಗಿ ಬೆಳೆಯುವ ಅಣ್ಣೆ ಸೊಪ್ಪೂ ಹೋಗುತ್ತದೆ. ಇನ್ನು ಸೊಂಟ ಬಗ್ಗಿಸುವ ಕೆಲಸವೇ ಇಲ್ಲವೆಂದು ಬೊಮ್ಮಣ್ಣ ನಿನ್ನೆ ಹಾಡು ಗುನುಗುತ್ತ ಹೊಡೆದು ಮುಗಿಸಿದ್ದ.

ಆದರೆ ಈ ಸೀಮೆಯಲ್ಲಿ ಸಾರಿಗೆ ಸೊಪ್ಪು ಕೀಳಲು ಯಾರೂ ಹೊಲದವರನ್ನು ಕೇಳುವುದಿಲ್ಲ. ಅದಕ್ಕೇ ಅವನು, ಔಷಧಿ ಹೊಡೆದ ತನ್ನ ಹೊಲದ ಸೊಪ್ಪು ಕೀಳಬೇಡಿರೆಂದು ಬೀದಿಯ ಮನೆಮನೆಗೂ ಹೇಳಿ ಬಂದಿದ್ದ. ಮಗಳ ಊರಿಗೆ ಹೋಗಿದ್ದ ಪಾಲಜ್ಜಿಯ ಬಾಗಿಲಿಗೆ ಮಾತ್ರ ಬೀಗವಿತ್ತು. ಇವತ್ತು ಊರಿಗೆ ಮರಳಿದ ಅಜ್ಜಿ ಮಡಿಲ ತುಂಬ ಸೊಪ್ಪು ಕಟ್ಟಿಕೊಂಡು ಅವನ ಹೊಲದ ಕಡೆಯಿಂದ ಬಂದಳೆಂದು ಪಕ್ಕದ ಹೊಲದ ಹನುಮಣ್ಣ ಹೇಳಿದ್ದೇ ತಡ, ಚಪ್ಪಲಿಯನ್ನೂ ಮೆಟ್ಟದೆ ಓಡಿಬಂದಿದ್ದ.

ಎಲ್ಲ ಕೇಳಿದ ಪಾಲಜ್ಜಿ ಸೌಟನ್ನು ಕೆಳಗಿಟ್ಟಳು. "ನಿನ್ನ ಹೊಲದ ಬದುವಿಗೆ ಹೋಗ್ತಿದ್ದಂಗೇ ಔಷಧಿ ನಾತ ಮೂಗಿಗೆ ಬಡೀತು ಕಣಲೇ. ಹನುಮಣ್ಣನ ಹೊಲದಾಗೆ ಕಿತ್ಕೊಂಡು ಬಂದೆ."

ಬೊಮ್ಮಣ್ಣನಿಗೆ ಕುಣಿಯುವಷ್ಟು ಸಂತೋಷವಾಯಿತು. ಅಜ್ಜಿಗೆ ಏನೂ ಆಗಿಲ್ಲ. ಆದರೆ ಸಾರು ತಿಪ್ಪೆಯಲ್ಲಿತ್ತು.

"ಮುದ್ದೆ ತಿರುವೋ ಹೊತ್ತಿಗೆ ಸೊಪ್ಪು ಬರಬೇಕು," ಎಂದಳು ಅಜ್ಜಿ. "ಅಣ್ಣೆ ಸೊಪ್ಪೇ ಆಗಬೇಕು."

ತನ್ನ ಹೊಲದ್ದನ್ನು ಮುಟ್ಟುವಂತಿಲ್ಲ. ಬೊಮ್ಮಣ್ಣ ಏರು ಬಿಸಿಲಿನಲ್ಲಿ ಹನುಮಣ್ಣನ ಭತ್ತದ ಸಾಲಿಗಿಳಿದು, ಸೊಂಟ ಬಗ್ಗಿಸಿ, ಬೆವರು ಒರೆಸಿಕೊಳ್ಳುತ್ತ ಒಂದೊಂದೇ ಗಿಡ ಕಿತ್ತ. ತಾನೂ ಕಳೆ ಔಷಧಿ ತರಲೆಂದು ಚಳ್ಳಕೆರೆಗೆ ಹೊರಟಿದ್ದ ಹನುಮಣ್ಣ ದಾರಿಯಲ್ಲೇ ಬೈಕ್ ನಿಲ್ಲಿಸಿ, ಹಸನಾಗುತ್ತಿದ್ದ ತನ್ನ ಸಾಲುಗಳನ್ನು ಕಣ್ತುಂಬ ನೋಡಿದ. ಆಮೇಲೆ ಬೈಕನ್ನು ಮನೆಯ ಕಡೆಗೆ ತಿರುಗಿಸಿದ.

"ಬೊಮ್ಮಣ್ಣ, ನಾಳೇನೂ ಹೋಗಿ ಅಜ್ಜಿ ಸಾರು ಚೆಲ್ಲಿ ಬಾರಪ್ಪ. ಇನ್ನೂ ಅರ್ಧ ಎಕರೆ ಕಳೆ ಐತೆ."