ಅಂಚು ಬಿಟ್ಟ ಚುಕ್ಕಿ

"ಮೇಡಂ, ತಟ್ಟೆ ಅದಲುಬದಲು ಮಾಡ್ಬಿಟ್ಟೆ ಅನ್ಸುತ್ತೆ," ಎಂದ ಟೆಕ್ನಿಷಿಯನ್. ತಪ್ಪು ತನ್ನದು ಎಂಬ ಮಾತು ಅವನ ಬಾಯಿಂದ ಬಂದದ್ದು ಇದೇ ಮೊದಲು.

ಸಂಶೋಧಕಿ ಕುರ್ಚಿ ಎಳೆದುಕೊಂಡು ಸೂಕ್ಷ್ಮದರ್ಶಕದ ಪರದೆ ನೋಡಿದಳು. ಕಿಟಕಿ ಮುಚ್ಚಿದ ಕೋಣೆಯ ಕತ್ತಲಲ್ಲಿ ಒಂದು ಹಸಿರು ಉಂಗುರ: ಜೀವಕೋಶದ ನ್ಯೂಕ್ಲಿಯಸ್ಸಿನ ಅಂಚು. ಅದರೊಳಗೊಂದು ಕೆಂಪು ಚುಕ್ಕಿ: ವರ್ಣತಂತುವಿನ ಒಂದು ತುಣುಕು. ಅಂಚಿಗೆ ಅಂಟಿಕೊಂಡಿದ್ದಷ್ಟು ದಿನ ಆ ತುಣುಕು ನಿದ್ದೆಯಲ್ಲಿರುತ್ತದೆ, ಮನುಷ್ಯ ಕ್ಷೇಮವಾಗಿರುತ್ತಾನೆ. ಅಂಚು ಬಿಟ್ಟು ನಡುವಿಗೆ ಬಂತೋ, ಎಚ್ಚರವಾಯಿತೆಂದೇ ಅರ್ಥ; ರೋಗ ಇಂದಲ್ಲ ನಾಳೆ ಬಂದೇ ಬರುತ್ತದೆ. ಯಾರ ಕೋಶದಲ್ಲಿ ಅದು ಎಲ್ಲಿದೆ ಎಂದು ನಕ್ಷೆ ಮಾಡುವುದು ಇವರಿಬ್ಬರ ಕೆಲಸ.

ಪರದೆಯ ಮೇಲಿದ್ದದ್ದು ರೋಗಿಗಳದ್ದಲ್ಲ, ಹೋಲಿಸಿ ನೋಡಲೆಂದು ಆರೋಗ್ಯವಂತರ ಕೋಶಗಳನ್ನು ಬೆಳೆಸಿಟ್ಟ ತಟ್ಟೆ. ಅದರ ಚುಕ್ಕಿ ನಟ್ಟನಡುವೆ ಕೂತಿತ್ತು.

"ಅದಲುಬದಲೇ ಆಗಿರ್ಬೇಕು. ಇನ್ನೊಂದ್ಸಲ ನೋಡಿ," ಎಂದಳು. ದನಿ ಬೇಡಿಕೊಳ್ಳುವಂತಿತ್ತು.

ಅವನು ಎರಡೂ ತಟ್ಟೆಗಳ ಚೀಟಿ ತಿರುಗಿಸಿ ಮುರುಗಿಸಿ ನೋಡಿದ. "ಇಲ್ಲ ಮೇಡಂ, ಸರಿಯಾಗೇ ಇದೆ. ಸದ್ಯ, ನನ್ನ ಮಾನ ಉಳೀತು." ನಕ್ಕು, ಆಮೇಲೆ ದನಿ ತಗ್ಗಿಸಿದ. "ಯಾರೋ ಪಾಪ, ಗುಂಡುಕಲ್ಲಿನ ಹಾಗೆ ಓಡಾಡ್ಕೊಂಡಿರ್ತಾರೆ. ಅವರಿಗೆ ಹೇಳೋದು ಬೇಡ್ವಾ?"

ಆ ಯಾರೋ ಅವಳೇ. ಆರೋಗ್ಯವಂತ ದಾನಿಯೊಬ್ಬರ ಕೋಶಗಳಿಗೆ ಬೂಷ್ಟು ಹಿಡಿದಾಗ, ಕೆಲಸ ನಿಲ್ಲಬಾರದೆಂದು, ಯಾರಿಗೂ ಹೇಳದೆ ತನ್ನ ತೋಳಿನ ಚರ್ಮದ ಚೂರನ್ನೇ ಬೆಳೆಸಿ ಆ ದಾನಿಯ ಚೀಟಿ ಅಂಟಿಸಿದ್ದಳು. ಅಮ್ಮ ತೀರಿಕೊಂಡದ್ದು ಇದೇ ರೋಗದಿಂದ. ಆದರೂ ತನಗೇನಾಗಿದೆ ಎಂಬ ಧೈರ್ಯ. ಮೊದಮೊದಲು ಅಮ್ಮನಿಗೂ ಏನೂ ಆಗಿರಲಿಲ್ಲ. ಊಟದ ಮೇಜಿನ ಮೇಲೆ ಬೆರಳುಗಳು ತಮ್ಮ ಪಾಡಿಗೆ ತಾವು ಕುಣಿಯುತ್ತಿದ್ದವು, ಅಷ್ಟೆ. "ಏನಮ್ಮಾ, ತಾಳ ಹಾಕ್ತಿದ್ದೀಯಾ?" ಎಂದು ಮಗಳು ರೇಗಿಸಿದರೆ, "ಯಾವ ತಾಳವೇ?" ಎಂದು ಅಮ್ಮ ನಿಜವಾಗಿಯೂ ಕೇಳುತ್ತಿದ್ದಳು.

"ಹೇಳೋಣ," ಎಂದಳು, ಪರದೆಯಿಂದ ಕಣ್ಣು ಕೀಳದೆ. "ಇಲ್ಲಿ ನೋಡಿ, ಚುಕ್ಕಿ ನಡುಗ್ತಿದೆ."

"ಚುಕ್ಕಿ ಮಾತ್ರ ಅಲ್ಲ, ಉಂಗುರಾನೂ ನಡುಗ್ತಿದೆಯಲ್ಲ." ಅವನು ಪರದೆ ಬಿಟ್ಟು ಮೇಜಿನತ್ತ ಬಗ್ಗಿದ. "ಓ! ಮೇಡಂ, ಸ್ವಲ್ಪ ಕೈ ತೆಗೀತೀರಾ? ನೀವು ತಾಳ ಹಾಕ್ತಿರೋದಕ್ಕೇ ಎಲ್ಲಾ ಅಲ್ಲಾಡ್ತಿರೋದು."

"ಯಾವ ತಾಳ?" ಎಂದಳು ಅವಳು.